ಅತ್ತೆಯ ಬಾಗುಕತ್ತಿಗಳು

ನಮ್ಮತ್ತೆಯ ಬೆರಳುಗಳಿಗೆ ಯಾವಾಗಲೂ ಲವಂಗದ ವಾಸನೆ. ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಗಳು ಎಣ್ಣೆ ಕುಡಿದು ಕುಡಿದು ಮಿರುಗುತ್ತಿದ್ದವು. ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಒಂದು ಕಂದು ಗೆರೆ. ನನ್ನನ್ನು ನೋಡಲು ಬಂದ ದಿನ ಅವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಆ ವಾಸನೆ. ನಾನು ಹಲ್ಲಿನ ಡಾಕ್ಟರು. ಲವಂಗದೆಣ್ಣೆ ಮೂಗಿಗೆ ಬಡಿದರೆ ನನಗೆ ಹುಳುಕು ಹಲ್ಲು ಬಿಟ್ಟು ಬೇರೇನೂ ತೋಚುವುದಿಲ್ಲ.

"ಹಲ್ಲು ನೋವಾ ಅಮ್ಮಾ? ಯಾವ ಕಡೆ?" ಎಂದು ಕೇಳಿಯೇಬಿಟ್ಟೆ.

"ನಂಗಲ್ಲಮ್ಮ. ನನ್ನ ಕತ್ತಿಗೆ ಹಚ್ಚಿದ್ದು. ಹೊಲಿಗೆ ಮಿಷನ್ ಎಣ್ಣೆಗೆ ಎರಡು ಹನಿ ಲವಂಗದ್ದು ಬೆರೆಸಿದ್ರೆ ತುಕ್ಕು ಹತ್ರ ಸುಳಿಯಲ್ಲ."

ನಮ್ಮಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು. "ತೋಟದ ಕತ್ತಿಯಾ?" ಎಂದು ಅವರು ಮೆಲ್ಲಗೆ ಕೇಳಿದರು.

"ಅಲ್ಲಲ್ಲ. ಯುದ್ಧದ್ದು," ಎಂದು ಅತ್ತೆ ಚಕ್ಕುಲಿ ಮುರಿದರು.

ಅವರು ಹೊರಟ ಮೇಲೆ ನಮ್ಮಮ್ಮ ನನ್ನನ್ನು ಒಳಗೆ ಕರೆದು, ಹುಡುಗನೇನೋ ಒಳ್ಳೆಯವನೇ, ಆದರೆ ಆ ಮನೆಯಲ್ಲಿ ಆಯುಧಗಳಿವೆಯಂತೆ, ಯೋಚನೆ ಮಾಡು ಎಂದರು. ನಾನು ಯೋಚನೆ ಮಾಡಿದೆ. ಆ ಮನೆಯಲ್ಲಿ ಬೇಜಾರಂತೂ ಆಗುವುದಿಲ್ಲ ಅನ್ನಿಸಿತು. ಒಪ್ಪಿಕೊಂಡೆ.

ಅತ್ತೆ ಭದ್ರಾವತಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನೆಲೆಸಿದ್ದರು. ಮಾವನವರು ಭದ್ರಾವತಿಯ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿದ್ದವರು. ನಾನು ಸೊಸೆಯಾಗಿ ಹೋಗುವ ಮೊದಲೇ ತೀರಿಕೊಂಡಿದ್ದರು. ಬೇರೆಯವರ ಮನೆಯಲ್ಲಿ ಟೀವಿ ಇರುವ ಗೋಡೆಯ ಮೇಲೆ ನಮ್ಮ ಮನೆಯಲ್ಲಿ ಕತ್ತಿಗಳು ಒಂದರ ಕೆಳಗೊಂದು ಮಲಗಿದ್ದವು. ಎಲ್ಲವೂ ಬಾಗಿದವು. ಕೆಲವು ಬಿದಿಗೆಯ ಚಂದ್ರನಂತೆ ಪೂರ್ತಿ ಬಾಗಿದ್ದರೆ, ಕೆಲವು ಹಿಡಿಯಿಂದ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಮನಸ್ಸು ಬದಲಾಯಿಸಿದಂತೆ ತಿರುಗಿದ್ದವು. ನೇರವಾದ ಕತ್ತಿ ಒಂದೂ ಇರಲಿಲ್ಲ. "ನೇರದ್ದು ನೋಡಿದ್ರೆ ನಂಗೆ ಸ್ಕೇಲ್ ನೋಡ್ದಂಗಾಗುತ್ತೆ," ಎನ್ನುತ್ತಿದ್ದರು.

ಈ ಹುಚ್ಚು ಹತ್ತಿದ್ದು ಹೇಗೆಂಬುದನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಭದ್ರಾವತಿಯಲ್ಲಿದ್ದಾಗ ನೀರಿನ ಟ್ಯಾಂಕಿಗೆ ಸ್ಟ್ಯಾಂಡ್ ಮಾಡಿಸಲು ಹಳೆಯ ಕಬ್ಬಿಣ ಹುಡುಕುತ್ತ ಮಾವನವರ ಜೊತೆ ಗುಜರಿ ಅಂಗಡಿಗೆ ಹೋಗಿದ್ದರಂತೆ. ಅಂಗಡಿಯವನು ರಾಶಿಯೊಳಗಿನ ಪಟ್ಟಿಗಳನ್ನು ಎಳೆಯಲು ಒಂದು ಬಾಗಿದ ಸಲಾಕೆ ಬಳಸುತ್ತಿದ್ದ. ಅದರ ಹಿಡಿಯ ತುದಿಯಲ್ಲಿ ಪುಟ್ಟ ತಟ್ಟೆಯಂಥದ್ದೊಂದು ಇತ್ತು. ಅತ್ತೆ ಅದನ್ನೇ ಕೇಳಿ ತೂಕಕ್ಕೆ ಹಾಕಿಸಿಕೊಂಡು ಬಂದರು. ತುಕ್ಕು ಕೆರೆದು, ತೊಳೆದು, ಚಿತ್ರಾನ್ನಕ್ಕೆ ಹಿಂಡಿ ಉಳಿದ ಅರ್ಧ ನಿಂಬೆಹಣ್ಣನ್ನು ಅಲಗಿನ ಮೇಲೆ ಉಜ್ಜಿದರು. ಬೂದುಬಣ್ಣದ ಲೋಹದ ಮೇಲೆ ಬೆಳ್ಳನೆಯ ಗೆರೆಗಳು ಏಳತೊಡಗಿದವು. ಒಂದರ ಪಕ್ಕ ಒಂದು, ಅಲೆಯಲೆಯಾಗಿ, ಗಾಳಿ ಬಂದಾಗ ಹೊಳೆಯ ನೀರು ನಡುಗುವಂತೆ. ಅತ್ತೆ ಕಿರುಚಿದ ರಭಸಕ್ಕೆ ಮಾವನವರು ಮುಖದ ಸೋಪನ್ನೂ ತೊಳೆಯದೆ ಬಚ್ಚಲಿನಿಂದ ಓಡಿಬಂದರು. ಆಯುಷ್ಯವೆಲ್ಲ ಕಬ್ಬಿಣ ಕಾಯಿಸಿದ ಮನುಷ್ಯ ಅಡುಗೆಮನೆಯ ನೆಲದ ಮೇಲೆ ಕೂತು ಆ ಅಲಗನ್ನು ನೋಡಿ, "ಇಂಥದ್ದು ನಮ್ಮ ಕೈಲಿ ಆಗಲ್ಲ ಕಣೆ," ಎಂದರಂತೆ.

ಬಜಾರಿನವರು ಆ ಅಲೆಗಳನ್ನು ಜೌಹರ್ ಎನ್ನುತ್ತಾರೆ. ಅತ್ತೆ ಬರಿದೇ ನೀರು ಎನ್ನುತ್ತಿದ್ದರು. ಈ ಕತ್ತಿಗೆ ನೀರಿದೆ, ಆ ಕತ್ತಿಗೆ ನೀರಿಲ್ಲ. ಕಬ್ಬಿಣವನ್ನೂ ಒಣಕಟ್ಟಿಗೆಯನ್ನೂ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕರಗಿಸಿ, ಆತುರಪಡದೆ ಆರಲು ಬಿಟ್ಟರೆ ಒಳಗೆ ಇಂಗಾಲ ಸಾಲುಗಟ್ಟುತ್ತದೆ. ಕಮ್ಮಾರ ಹದವಾದ ಕಾವಿನಲ್ಲಿ ಬಡಿದರೆ ಆ ಸಾಲೇ ಅಲೆಯಾಗುತ್ತದೆ ಎಂದು ವಿವರಿಸುತ್ತಿದ್ದರು. ನಮ್ಮ ಕನ್ನಡದ 'ಉಕ್ಕು' ಎಂಬ ಪದವೇ ಹಡಗು ಹತ್ತಿ ಪರದೇಶಕ್ಕೆ ಹೋಗಿ ಅಲ್ಲಿ 'ವೂಟ್ಸ್' ಆಯಿತಂತೆ ಎಂದು ಹೇಳುವಾಗಲಂತೂ ಅವರ ಧ್ವನಿ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಒಮ್ಮೆ ಅದನ್ನು ಹೇಳುತ್ತಿರುವಾಗಲೇ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು. "ನೋಡು, ಅದಕ್ಕೂ ತಡೆಯಕ್ಕಾಗ್ಲಿಲ್ಲ," ಎಂದರು. ಒಲೆ ಒರೆಸಿದವಳು ನಾನು.

ಮದುವೆಯಾದ ಹೊಸತು. ನಾನು ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದೆ. ಅತ್ತೆ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತರು.

"ಈ ಈಳಿಗೆ ನೆಟ್ಟಗೆ ಯಾಕಿಲ್ಲ ಹೇಳು?"

"ಮಾಡಿದೋರು ಹಂಗೆ ಮಾಡಿದಾರೆ ಅತ್ತೆ."

"ಡಾಕ್ಟ್ರು ಹೇಳೋ ಮಾತೇನೇ ಇದು ಮಾರಾಯ್ತಿ! ನೆಟ್ಟಗಿದ್ರೆ ಕಾಯಿ ಮೇಲೆ ಕೂತು ಒತ್ತುತ್ತೆ. ಬಾಗಿದ್ರೆ ಜಾರುತ್ತೆ. ಜಾರ್ತಾ ಜಾರ್ತಾ ಕೊಯ್ಯುತ್ತೆ. ಕುದುರೆ ಮೇಲೆ ಓಡ್ತಾ ಇರೋನ ಕತ್ತಿ ಎಲ್ಲೂ ಸಿಕ್ಕಾಕ್ಕೊಳ್ಳಬಾರ್ದು. ಅದಕ್ಕೇ ಬಾಗು. ಏಳು, ಏಳು, ತೋರಿಸ್ತೀನಿ."

ಸೌತೆಕಾಯಿ ಅಲ್ಲೇ ಉಳಿಯಿತು. ಗೋಡೆಯಿಂದ ಒಂದು ಕತ್ತಿ ಇಳಿಸಿ ನನ್ನ ಕೈಗೆ ಕೊಟ್ಟರು. ಹಿಡಿ ನನ್ನ ಬೆರಳುಗಳಿಗೇ ಬಿಗಿಯಾಯಿತು. ಹಿಂದಿನ ಕಾಲದವರ ಕೈ ಇಷ್ಟು ಚಿಕ್ಕದಿತ್ತೇ ಎಂದೆ. "ಎಲ್ಲರೂ ಹಂಗೇ ಕೇಳ್ತಾರೆ. ಕೈ ಚಿಕ್ಕದಲ್ಲ. ಈ ತಟ್ಟೆ ಇದೆಯಲ್ಲ, ಇದು ಮಣಿಕಟ್ಟು ತಿರುಗದ ಹಾಗೆ ತಡೆಯುತ್ತೆ. ಮಣಿಕಟ್ಟು ಮರ್ತುಬಿಡು. ಭುಜದಿಂದ ಬೀಸು." ನಾನು ಭುಜದಿಂದ ಬೀಸಿದೆ. ಏನೂ ತಾಗಿದಂತೆ ಅನ್ನಿಸಲಿಲ್ಲ. ಆದರೆ ಹಾಲ್‌ನ ಕಿಟಕಿಯ ಪರದೆಯ ಅರ್ಧ ಭಾಗ ಸದ್ದಿಲ್ಲದೆ ನೆಲಕ್ಕೆ ಬಿತ್ತು. ಹೊಸ ಸೊಸೆ ಮನೆಯ ಪರದೆ ಕತ್ತರಿಸಿದ್ದಾಳೆ! ಅತ್ತೆ ಮಾತ್ರ ಚಪ್ಪಾಳೆ ತಟ್ಟುತ್ತ ನಿಂತಲ್ಲೇ ಕುಣಿದರು. ಸಂಜೆ ಬಂದ ಮಗನಿಗೆ, "ನಿನ್ನ ಹೆಂಡ್ತಿಗೆ ಬರುತ್ತೆ ಕಣೋ!" ಎಂದು ಸಾರಿದರು. ಆ ಪರದೆಯನ್ನು ಬದಲಾಯಿಸಲು ಅವರು ಬಿಡಲೇ ಇಲ್ಲ. ಬಂದವರಿಗೆ ಅದನ್ನೂ ತೋರಿಸುತ್ತಿದ್ದರು.

ತೋರಿಸುವುದು, ಅದೇ ಅವರ ಸುಖ. ಒಮ್ಮೆ ಠಾಣೆಗೆ ಹೊಸದಾಗಿ ಬಂದ ಇನ್‌ಸ್ಪೆಕ್ಟರು, ಹೊಸಮನೆಯ ಮನೆಯೊಂದರಲ್ಲಿ ರಾಶಿ ಕತ್ತಿಗಳಿವೆ ಎಂದು ಯಾರೋ ಹೇಳಿದ್ದನ್ನು ಕೇಳಿ ಬಿಗಿಮುಖ ಮಾಡಿಕೊಂಡು ಬಂದರು. ಅತ್ತೆ ಕಾಗದಪತ್ರಗಳಲ್ಲಿ ಕಟ್ಟುನಿಟ್ಟು. ಎಲ್ಲವನ್ನೂ ಮುಂದಿಟ್ಟರು. ಇನ್‌ಸ್ಪೆಕ್ಟರು ನೋಡಿ ಸರಿಯಿದೆ ಎಂದು ಎದ್ದರು. "ಅಯ್ಯೋ, ಕತ್ತಿನೇ ನೋಡ್ದೆ ಹೊರಟ್ರಲ್ಲ ಸಾರ್!" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಪಾಪದ ಮನುಷ್ಯ ನಮ್ಮಲ್ಲೇ ಊಟ ಮಾಡಿ, ಮುಂದಿನ ವಾರ ಹೆಂಡತಿಯನ್ನು ಕರೆದುಕೊಂಡು ಬಂದರು.

ಕತ್ತಿ ಕೂಡಿಡುವ ಬೇರೆಯವರೂ ಬೇರೆ ಊರುಗಳಿಂದ ಬರುತ್ತಿದ್ದರು. ಅವರ ಮಾತೆಲ್ಲ ಯಾವುದು ಅಪರೂಪ, ಯಾವುದು ಯಾರ ಬಳಿ ಇದೆ ಎಂಬುದರ ಸುತ್ತ. ಒಳ್ಳೆಯದೊಂದು ಎಲ್ಲಿದೆಯೆಂದು ಗೊತ್ತಾದರೆ ಬಾಯಿ ಹೊಲಿದುಕೊಳ್ಳುತ್ತಿದ್ದರು. ಅತ್ತೆಗೆ ಅದು ಸಾಧ್ಯವೇ ಇರಲಿಲ್ಲ. ಇದಕ್ಕಾಗಿ ಅವರಿಗೆ ಬೈಯುವ ಹಕ್ಕಿದ್ದದ್ದು ಒಬ್ಬರಿಗೆ ಮಾತ್ರ. ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ, ಎಲ್ಲರೂ ಭಾಯಿ ಎಂದೇ ಕರೆಯುವ ಹಿರಿಯರು. ಅಂಗಡಿಯ ಮುಂದೆ ಹೊಸ ಸ್ಟೀಲು ಪಾತ್ರೆ, ಹಿಂದೆ ಜನ ಕೊಟ್ಟುಹೋದ ಹಳೆಯ ಹಿತ್ತಾಳೆ ತಾಮ್ರದ ಗುಡ್ಡೆ. ಆ ಗುಡ್ಡೆಯಲ್ಲಿ ಆಗೀಗ ಒಂದು ಕತ್ತಿ ಸಿಕ್ಕರೆ ಮೊದಲ ಫೋನು ಅತ್ತೆಗೆ. "ಮೇಡಂ, ಈ ಶೋಕಿಯಲ್ಲಿ ಬಾಯಿ ಬಂದ್ ಇರಬೇಕು. ನೀವು ಮಾಲು ಕೈಗೆ ಬರೋ ಮೊದಲೇ ಮೊಹಲ್ಲಾಕ್ಕೆಲ್ಲ ಹೇಳ್ತೀರಿ," ಎಂದು ಅವರು ಗೋಳಾಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಆಯುಧಪೂಜೆ ಹತ್ತಿರ ಬಂದಾಗ, ಬೆಳಿಗ್ಗೆ ನಾನಿನ್ನೂ ಕ್ಲಿನಿಕ್ಕಿನ ಬೀಗ ತೆಗೆಯುತ್ತಿದ್ದೆ. ಅತ್ತೆಯ ಫೋನು ಬಂತು.

"ಕಾರು ತಗೊಂಡು ಬಾರೇ. ಈಗ್ಲೇ. ಭದ್ರಾವತಿಗೆ ಹೋಗ್ಬೇಕು."

"ಪೇಷೆಂಟ್ ಬರ್ತಾರೆ ಅತ್ತೆ."

"ಹಲ್ಲು ನಾಳೆನೂ ಇರುತ್ತೆ ಮಾರಾಯ್ತಿ. ಅಲ್ಲೊಂದು ಕತ್ತಿನ ಚಕ್ರಕ್ಕೆ ಕೊಡ್ತಾ ಇದಾರೆ!"

ಭಾಯಿ ತಮ್ಮ ಹಿತ್ತಾಳೆ ದೀಪಗಳಿಗೆ ಹೊಳಪು ಕೊಡಿಸಲು ಭದ್ರಾವತಿಯ ಪಾಲಿಶ್ ಅಂಗಡಿಗೆ ಹೋಗಿದ್ದರು. ಅಲ್ಲಿ ಸರದಿಯಲ್ಲಿ ಗಾಡಿಗಳ ಬಂಪರು, ದೇವರ ಪ್ರಭಾವಳಿಗಳ ನಡುವೆ ಒಂದು ಹಳೆಯ ಬಾಗುಕತ್ತಿ ನೇತಾಡುತ್ತಿತ್ತು. ಹಬ್ಬಕ್ಕೆ ಫಳಫಳ ಹೊಳೆಯಬೇಕೆಂದು ಯಾರೋ ಉಜ್ಜಿಸಿ ನಿಕ್ಕಲ್ ಹಾಕಿಸಲು ಕೊಟ್ಟಿದ್ದರು. ಅತ್ತೆಗೆ ಇದಕ್ಕಿಂತ ದೊಡ್ಡ ಅನಾಹುತವಿಲ್ಲ. ತುಕ್ಕಿನಿಂದ ಕತ್ತಿಯನ್ನು ಉಳಿಸಬಹುದು, ಪ್ರೀತಿಯಿಂದ ಉಜ್ಜುವವರಿಂದ ಉಳಿಸಲು ಆಗುವುದಿಲ್ಲ ಎಂಬುದು ಅವರ ಕೊರಗು. ಹೊಳಪು ಕೊಡುವ ಆ ಚಕ್ರ ಮೇಲಿನ ಪದರವನ್ನು ತಿನ್ನುತ್ತದೆ, ಬಂಗಾರದ ಕುಸುರಿಯಿದ್ದರೆ ಅಳಿಸುತ್ತದೆ, ಕಾವಿಗೆ ಹದ ಕೆಡುತ್ತದೆ. ನಿಕ್ಕಲ್ ಹಾಕುವ ಮುನ್ನ ಆಸಿಡ್ಡಿನಲ್ಲಿ ಅದ್ದುವುದು ಬೇರೆ.

ಹಬ್ಬದ ರಸ್ತೆ! ಎರಡೂ ಬದಿಯಲ್ಲಿ ಬೂದುಗುಂಬಳದ ರಾಶಿ, ಚೆಂಡುಹೂವಿನ ಮೂಟೆ, ಬಾಳೆಕಂದು ಹೊತ್ತ ಸೈಕಲ್ಲುಗಳು. ನಾನು ಹಾರ್ನ್ ಮಾಡುತ್ತಿದ್ದೆ, ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, "ಸ್ವಲ್ಪ ದಾರಿ ಬಿಡ್ರಪ್ಪಾ, ಅರ್ಜೆಂಟ್ ಕೇಸು!" ಎಂದು ಕೂಗುತ್ತಿದ್ದರು. ಯಾರಿಗೋ ಹೆರಿಗೆ ನೋವು ಎಂದುಕೊಂಡು ಜನ ದಾರಿ ಬಿಟ್ಟರು. ಬಾಯಿ ಬಿಟ್ಟರೆ ಬೆಲೆ ಏರುತ್ತದೆಂದು ಅಲ್ಲಿ ಯಾರಿಗೂ ಏನೂ ಹೇಳದ ಭಾಯಿಯ ಫೋನು ನಡುನಡುವೆ. ಈಗ ಪ್ರಭಾವಳಿ ನಡೀತಿದೆ. ಈಗ ಬಂಪರ್ ಹಾಕಿದ್ರು. ಮೇಡಂ, ಮುಂದಿನದು ಇದೇ!

ಅಂಗಡಿಯ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಅತ್ತೆ ಇಳಿದು ಓಡಿದರು. ಅರವತ್ತು ದಾಟಿದ ಹೆಂಗಸು, ಸೀರೆಯ ನೆರಿಗೆ ಕೈಯಲ್ಲಿ ಎತ್ತಿ ಹಿಡಿದು. "ನಿಲ್ಸಿ! ಮೋಟಾರ್ ನಿಲ್ಸಿ ಸ್ವಾಮಿ!" ಎಂಬ ಕೂಗಿಗೆ ಅಂಗಡಿಯ ಮಾಲೀಕರು ಗಾಬರಿಯಿಂದ ಸ್ವಿಚ್ಚು ಒತ್ತಿ, ಕೆಲಸದವರಿಗೆ ತಮಿಳಿನಲ್ಲಿ ಏನೋ ಕೂಗಿ, "ಏನಾಯ್ತಮ್ಮಾ? ಯಾರಿಗಾದ್ರೂ ಕರೆಂಟ್ ಹೊಡೀತಾ?" ಎಂದು ಸುತ್ತಲೂ ನೋಡಿದರು. ಕತ್ತಿ ಅವರ ಕೈಯಲ್ಲೇ ಇತ್ತು. ಚಕ್ರ ಇನ್ನೂ ಗಿರಗಿರ ತಿರುಗುತ್ತ ನಿಧಾನವಾಗುತ್ತಿತ್ತು.

"ಒಂದು ನಿಂಬೆಹಣ್ಣು ಉಜ್ತೀನಿ. ಅಷ್ಟೇ. ಆಮೇಲೆ ನಿಮ್ಮಿಷ್ಟ," ಎಂದು ಅತ್ತೆ ಬೇಡಿದರು. ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಎದುರಿಗೆ ನಿಂತವರ ಮುಖ ನೋಡಿ ಇಲ್ಲ ಎನ್ನಲೂ ಆಗಲಿಲ್ಲ. ಅತ್ತೆ ಸೀರೆಯ ಸೆರಗಿನಲ್ಲಿ ಅಲಗಿನ ಗೇಣುದ್ದ ಜಾಗ ಒರೆಸಿ, ಚೀಲದಲ್ಲಿ ತಂದಿದ್ದ ನಿಂಬೆಹಣ್ಣಿನ ರಸ ಹಿಂಡಿದರು. ನಾನೂ ಬಗ್ಗಿದೆ. ಮೊದಲು ಏನೂ ಇಲ್ಲ. ಆಮೇಲೆ ಬಂತು. ಬರಿಯ ಅಲೆಗಳಲ್ಲ, ಅಲೆಗಳ ನಡುನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡ ಪಟ್ಟಿಗಳು. ಅಂಥದ್ದನ್ನು ನಾನು ಅತ್ತೆಯ ಗೋಡೆಯ ಮೇಲೆ ಕಂಡಿರಲಿಲ್ಲ. ಅತ್ತೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಮರುದಿನ ಅಲ್ಲಿ ನೀಲಿಗಟ್ಟಿತ್ತು. "ಏಣಿ ಕಣೇ," ಎಂದು ಪಿಸುಗುಟ್ಟಿದರು. "ಇದನ್ನ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಏಣಿ!"

ಕೆಲಸದವರೆಲ್ಲ ಸುತ್ತ ನೆರೆದರು. ಅಷ್ಟರಲ್ಲಿ ಕತ್ತಿಯ ಮನೆಯವನೂ ಬಂದ. ಭದ್ರಾವತಿಯ ಹಳೇನಗರದವನು, ಟೆಂಪೊ ಓಡಿಸುವವನು. ಹಳೆ ಸಾಮಾನು ಕೊಳ್ಳುವ ಭಾಯಿಯನ್ನು ನೋಡಿದ್ದೇ ಅವನಿಗೆ ಅನುಮಾನ.

"ನೀವು ಕತ್ತಿ ಕೊಂಡ್ಕೊಳ್ಳೋರಾ ಆಂಟಿ? ನಿಜ ಹೇಳಿ. ಬೇಕಾ ನಿಮಗೆ?"

"ಬೇಕು," ಎಂದರು ಅತ್ತೆ. ಸುತ್ತುಬಳಸು ಅವರಿಗೆ ಬರುತ್ತಿರಲಿಲ್ಲ.

ಅವನು ನಕ್ಕ. "ಹಂಗಾದ್ರೆ ಹಿಂಗ್ ಮಾಡಿ. ಥಳಥಳ ಅನ್ನೋ ಹೊಸಾ ಕತ್ತಿ ಬರ್ತಾವಲ್ಲ, ಕೆಂಪು ಮಖಮಲ್ ಒರೆದು, ಅದೊಂದು ಕೊಡ್ಸಿ. ಇದನ್ನ ನೀವೇ ಇಟ್ಕಳಿ. ಪೂಜೆಗೆ ಹೊಳೆಯೋದು ಇದ್ರೆ ಸಾಕು ನಮಗೆ."

ಭಾಯಿಯ ಬಳಿ ಅಂಥ ಮಖಮಲ್ಲಿನ ಕತ್ತಿ ಇದ್ದೇ ಇತ್ತು. ಮದುವೆ ಮನೆಗೆ ಬಾಡಿಗೆ ಕೊಡಲು ಇಟ್ಟದ್ದು. ಅವರು ಆಗಲೇ ಅಂಗಡಿಗೆ ಫೋನು ಮಾಡಲು ಹೊರಗೆ ಹೆಜ್ಜೆ ಇಟ್ಟಿದ್ದರು. ಅತ್ತೆಯ ಆಯುಷ್ಯದ ಕತ್ತಿ ಅತ್ತೆಯ ಕೈಯಲ್ಲಿತ್ತು. ನಾನು ಕಾರಿನ ಬಾಗಿಲು ತೆರೆದು ನಿಂತೆ.

ಆಗ ಅತ್ತೆ ಕೇಳಿದರು: "ನಿಮ್ಮಮ್ಮ ಇದಾರೇನಪ್ಪಾ ಮನೇಲಿ?"

"ಇದಾರೆ. ಯಾಕೆ?"

"ಅವರೂ ಒಂದ್ಸಲ ನೋಡ್ಲಿ. ಗೇಣುದ್ದ ಅಷ್ಟೇ ತೆಗೆದಿರೋದು. ಪೂರ್ತಿ ತೆಗೆದು ತೋರಿಸಿ ತಗೊಂಡ್ಹೋಗ್ತೀನಿ."

ಭಾಯಿ ಹಣೆ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಮೇಡಂ, ಸುಮ್ನೆ ಕಾರ್ ಹತ್ತಿ!" ಎಂದು ಅವರು ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಪಾಲಿಶ್ ಅಂಗಡಿಯವರಿಗೂ ಕೇಳಿಸಿತು. ಅತ್ತೆಗೆ ಕೇಳಿಸಲಿಲ್ಲ. ಅವರು ಟೆಂಪೊದ ಮುಂದಿನ ಸೀಟಿನಲ್ಲಿ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಾಗಿತ್ತು.

ಆ ಮನೆಯ ಅಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದಪ್ಪ ಕನ್ನಡಕ, ಗಟ್ಟಿ ಗಂಟಲು. ಮಗ ಕತ್ತಿಯನ್ನು ಪಾಲಿಶಿಗೆ ಕೊಟ್ಟ ವಿಷಯವೇ ಅವರಿಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಆ ಕತ್ತಿಗೆ ಅಜ್ಜ ಎಂದು ಹೆಸರು. ಆಯುಧಪೂಜೆಯ ದಿನ ಹಿಡಿಗೆ ಪುಟ್ಟ ಪೇಟ ಸುತ್ತಿ, ಅಲಗಿಗೆಲ್ಲ ಎಣ್ಣೆ ಕುಂಕುಮ ಬಳಿದು, ಎಡೆಯಿಟ್ಟು, ಮತ್ತೆ ಬಟ್ಟೆ ಸುತ್ತಿ ಅಟ್ಟಕ್ಕೇರಿಸುವುದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ.

"ಏನೋ, ಅಜ್ಜಂಗೆ ನಿಕ್ಕಲ್ ಹೊಡ್ಸಕ್ಕೆ ಕೊಟ್ಟಿದ್ಯೇನೋ!" ಎಂದು ಅವರು ಮಗನ ಮೇಲೆ ಹರಿಹಾಯ್ದರು.

ನಮ್ಮತ್ತೆ ಆ ಗದ್ದಲದ ನಡುವೆಯೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕೂತರು. ಟೆಂಪೊದ ಗಾಲಿಗಳ ಕೆಳಗೆ ಇಡಲೆಂದು ತಂದಿದ್ದ ನಿಂಬೆಹಣ್ಣುಗಳನ್ನು ಕೇಳಿ ಪಡೆದರು. ತಲೆಮಾರುಗಳ ಕುಂಕುಮ, ಎಣ್ಣೆ, ಹೊಗೆ ಎಲ್ಲ ಪದರಪದರವಾಗಿ ಕರಗಿ ಕಲ್ಲಿನ ಮೇಲೆ ಕೆಂಪಗೆ ಹರಿಯಿತು. ಆ ಕೆಂಪಿನ ಕೆಳಗಿನಿಂದ ಹಿಡಿಯಿಂದ ಮೊನೆಯವರೆಗೆ ಅಲಗು ತೆರೆದುಕೊಂಡಿತು. ಹಿಡಿಯ ಹತ್ತಿರ ಬೆಳ್ಳುಳ್ಳಿ ಎಸಳಿನಷ್ಟು ಚಿಕ್ಕ ಬಂಗಾರದ ಹೂವೊಂದು ಹೊಳೆಯಿತು. ಅತ್ತೆ ಕತ್ತಿಯನ್ನು ಬಿಸಿಲಿಗೆ ಹಿಡಿದು ಸ್ವಲ್ಪ ವಾಲಿಸಿದರು. ನೀರು ಹರಿಯಿತು. ನಿಜವಾಗಿ ಹರಿದಂತೆಯೇ ಕಂಡಿತು.

ಆ ಅಮ್ಮ ಬೈಗುಳ ಅರ್ಧಕ್ಕೇ ಬಿಟ್ಟು ಹತ್ತಿರ ಬಂದರು. ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಇಷ್ಟು ವರ್ಷ ಕುಂಕುಮ ಬಳಿದೀನಿ," ಎಂದರು. "ಒಂದಿನಾನೂ ಇವನ ಮೈ ನೋಡಿರ್ಲಿಲ್ಲವಲ್ಲ." ಬೆರಳಿನಿಂದ ಒಂದು ಅಲೆಯನ್ನು ಹಿಂಬಾಲಿಸುತ್ತ ಹೋಗಿ ಕೊನೆಗೆ ತಲೆಯೆತ್ತಿ ನಮ್ಮತ್ತೆಯನ್ನು ಕೇಳಿದರು: "ಇದನ್ನ ತಗೊಂಡ್ಹೋಗಿ ಏನ್ ಮಾಡ್ತೀರಮ್ಮ? ಪೂಜೆ ಮಾಡ್ತೀರಾ?"

ಅತ್ತೆ ಸುಳ್ಳು ಹೇಳಬಹುದಿತ್ತು. ಮಾಡ್ತೀನಿ ಎಂದಿದ್ದರೆ ಮುಗಿಯುತ್ತಿತ್ತು.

"ಪೂಜೆ ಗೀಜೆ ಮಾಡಲ್ಲ. ಏನೂ ಮಾಡಲ್ಲ. ಗೋಡೆ ಮೇಲಿಟ್ಟು ನೋಡ್ತೀನಿ. ಬೆಳಗ್ಗೆ ಎದ್ದು ನೋಡ್ತೀನಿ, ಕಾಫಿ ಕುಡೀತಾ ನೋಡ್ತೀನಿ. ಬಂದೋರನ್ನ ಕೂರಿಸ್ಕೊಂಡು ಅವರಿಗೂ ತೋರಿಸ್ತೀನಿ."

ಆ ಅಮ್ಮ ಕತ್ತಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ನೋಡೋದಕ್ಕೇ ಆದ್ರೆ, ನಾನೂ ನೋಡ್ಬೇಕಲ್ಲಮ್ಮ."

ಅದು ನಮ್ಮತ್ತೆಯದೇ ಮಾತು. ಅವರು ಅಲಗಿನ ಮೇಲಿಂದ ಕೈ ತೆಗೆದರು. ಕಾಫಿ ಕುಡಿದೆವು. ಕತ್ತಿಯನ್ನು ಹೇಗೆ ಒಣಗಿಸಬೇಕು, ಯಾವ ಎಣ್ಣೆ ಹಚ್ಚಬೇಕು, ಒದ್ದೆ ಒರೆಯಲ್ಲಿ ಯಾಕೆ ಇಡಬಾರದು ಎಂದು ಮಗನಿಗೆ ಬಿಡಿಸಿ ಹೇಳಿ ಹೊರಟೆವು.

ಭದ್ರೆಯ ಸೇತುವೆ ದಾಟುವವರೆಗೆ ಹಿಂದಿನ ಸೀಟಿನಲ್ಲಿ ಭಾಯಿಯ ನಿಟ್ಟುಸಿರು. ಕೊನೆಗೆ ಅವರಿಗೆ ತಡೆಯಲಾಗಲಿಲ್ಲ. "ತೋರಿಸದೇ ಇದ್ದಿದ್ರೆ ಇವತ್ತು ಅದು ನಿಮ್ಮ ಗೋಡೆ ಮೇಲಿರ್ತಿತ್ತು ಮೇಡಂ."

ಅತ್ತೆಯ ಕಣ್ಣು ತುಂಬಿತ್ತು. ಮುಚ್ಚಿಡಲು ಅವರು ಪ್ರಯತ್ನವನ್ನೂ ಮಾಡಲಿಲ್ಲ. "ತೋರಿಸ್ದೆ ತಗೊಂಡ್ಬಂದಿದ್ರೆ, ಅದು ಹೆಂಗೆ ಸಿಕ್ತು ಅಂತ ಬಂದೋರಿಗೆ ಹೇಳೋದು ಹೆಂಗೆ ಭಾಯಿ? ಹೇಳ್ಕೊಳ್ಳಕ್ಕಾಗ್ದೇ ಇರೋ ಕತ್ತಿ ಇಟ್ಕೊಂಡು ಏನ್ ಮಾಡ್ಲಿ ನಾನು?" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಎಂಥಾ ಏಣಿ ಅದು!" ಎಂದು ಗಟ್ಟಿಯಾಗಿ ಅತ್ತರು. ಅಂದು ಅವರು ಊಟ ಮಾಡಲಿಲ್ಲ. ಮರುದಿನವೂ ಗೋಡೆಯ ಕಡೆ ಬೆನ್ನು ಹಾಕಿಯೇ ಕೂತಿದ್ದರು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ ಎಂಬ ಸಮಾಧಾನವೇನೂ ಅವರಿಗಿರಲಿಲ್ಲ. ಅವರಿಗೆ ಆ ಕತ್ತಿ ಬೇಕಾಗಿತ್ತು, ಸಿಗಲಿಲ್ಲ, ಅಷ್ಟೇ.

ಸಂಜೆ ಆ ಅಮ್ಮನ ಫೋನು. "ಅಜ್ಜನ್ನ ಈ ಸಲ ಬಟ್ಟೆ ಬಿಚ್ಚಿ ಇಡೋಣ ಅಂತಿದೀನಿ. ಕುಂಕುಮ ಎಲ್ಲಿ ಇಡ್ಲಿ ಹೇಳಿ, ಮೈಗೆ ತಾಗ್ದಂಗೆ? ನೀವೇ ಬಂದ್ಬಿಡಿ." ಅತ್ತೆ ಚಾಪೆಯಿಂದ ಎದ್ದ ರೀತಿ ನೋಡಬೇಕಿತ್ತು!

ಆಯುಧಪೂಜೆಯ ದಿನ ಆ ಮನೆಯ ಮುಂದೆ ಬೀದಿಯ ಜನವೆಲ್ಲ ಸಾಲು ನಿಂತಿತ್ತು. ಪೇಟ ಸುತ್ತಿದ 'ಅಜ್ಜ' ಮಣೆಯ ಮೇಲೆ ಮೈ ಬಿಟ್ಟು ಮಲಗಿದ್ದ. ಕುಂಕುಮ ಹಿಡಿಯ ತಟ್ಟೆಗೆ ಮಾತ್ರ. ಆ ಮಗ, ಮಖಮಲ್ಲಿನ ಕತ್ತಿ ಕೇಳಿದ್ದವನು, ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು, "ಇಲ್ಲಿಂದ ನೋಡಿ, ಇದು ನೀರು. ಅಡ್ಡಡ್ಡ ಕಾಣ್ತಾವಲ್ಲ, ಅದು ಏಣಿ. ಇದಕ್ಕೇ ಉಕ್ಕು ಅನ್ನೋದು," ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ಪಾಲಿಶ್ ಅಂಗಡಿಯ ಮಾಲೀಕರು ಮನೆಮಂದಿಯನ್ನೆಲ್ಲ ಕರೆತಂದಿದ್ದರು. ಅತ್ತೆ ಸಾಲಿನಲ್ಲಿ ನಿಂತು ನೋಡಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಆಮೇಲೆ ಇನ್ನೊಮ್ಮೆ.

ಅಲ್ಲಿಂದ ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಆ ಅಮ್ಮನಿಗೂ ಹುಚ್ಚು ಅಂಟಿತು. ಭದ್ರಾವತಿಯಲ್ಲಿ ಯಾರ ಮನೆಯ ಅಟ್ಟದಲ್ಲಿ ಏನಿದೆ ಎಂದು ವಿಚಾರಿಸಿ ನಮ್ಮತ್ತೆಗೆ ಫೋನು ಮಾಡುವುದು ಅವರ ಕೆಲಸವಾಯಿತು. ಪಾಲಿಶ್ ಅಂಗಡಿಯವರು ಹಳೆಯ ಅಲಗು ಬಂದರೆ ಚಕ್ರಕ್ಕೆ ಕೊಡದೆ ಪಕ್ಕಕ್ಕಿಟ್ಟು ಕಾಯತೊಡಗಿದರು. ಅತ್ತೆ ಹೋಗುವುದು, ತೊಳೆಯುವುದು, ಮನೆಯವರಿಗೆ ತೋರಿಸುವುದು. ಬಹಳಷ್ಟು ಸಲ ಮನೆಯವರು ನೋಡಿ ಕತ್ತಿಯನ್ನು ತಾವೇ ಇಟ್ಟುಕೊಳ್ಳುತ್ತಿದ್ದರು, ಅತ್ತೆ ಪೆಚ್ಚುಮೋರೆ ಹಾಕಿಕೊಂಡು ಬರುತ್ತಿದ್ದರು. ನಮ್ಮ ಗೋಡೆಗೆ ಸೇರಿದ್ದು ಕಡಿಮೆ. ಭದ್ರಾವತಿಯ ಮನೆಗಳಲ್ಲಿ ಉಳಿದದ್ದು ಎಷ್ಟೋ.

ಕಳೆದ ಬೇಸಿಗೆಯಲ್ಲಿ ಅತ್ತೆಯ ಹೃದಯ ತೊಂದರೆ ಕೊಡತೊಡಗಿತು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಸರ್ಜನ್ನರು ಧೈರ್ಯ ಹೇಳಲು ಬಂದರು. ಅತ್ತೆ ಅವರ ಕೈ ಹಿಡಿದು, "ನಿಮ್ಮ ಚಾಕುವಿನ ಹೊಟ್ಟೆ ಬಾಗಿರುತ್ತಲ್ಲ, ಯಾಕೆ ಗೊತ್ತಾ ಡಾಕ್ಟ್ರೆ?" ಎಂದು ಶುರು ಮಾಡಿದರು. ಅವರು ಪಕ್ಕದ ಸ್ಟೂಲು ಎಳೆದುಕೊಂಡು ಕೂತು ಕೇಳಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೂ ಬಂದರು. ಆದರೆ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ನಾನು ಕಾಫಿ ತಂದಾಗ ಹಾಲ್‌ನ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಂತೆಯೇ ಇದ್ದರು. ಉಸಿರು ನಿಂತಿತ್ತು.

ಭಾಯಿ ಅಂಗಡಿ ಮುಚ್ಚಿ ಬಂದು ಅಂಗಳದಲ್ಲಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಕತ್ತಿಗಳನ್ನು ಅತ್ತೆಯ ಇಷ್ಟದಂತೆ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕೊಟ್ಟೆವು. ಗೋಡೆ ಖಾಲಿಯಾಯಿತು. ನನ್ನ ಗಂಡ ಟೀವಿಯನ್ನು ಅಲ್ಲಿಗೆ ತರೋಣವೇ ಎಂದು ಒಮ್ಮೆ ಕೇಳಿ, ತಾವೇ ಬೇಡ ಎಂದರು.

ನನಗೆ ಕತ್ತಿಗಳ ಆಸೆಯಿತ್ತು ಎಂದು ಹೇಳಲಾರೆ. ಅತ್ತೆಯ ಜೊತೆ ಓಡುತ್ತಿದ್ದೆ ಅಷ್ಟೇ. ಹೋದ ತಿಂಗಳು ಭಾಯಿಯನ್ನು ಮಾತಾಡಿಸಿ ಬರೋಣವೆಂದು ಗಾಂಧಿ ಬಜಾರಿಗೆ ಹೋದೆ. ಅವರು ನಮಾಜಿಗೆ ಹೋಗಿದ್ದರು. ಸುಮ್ಮನೆ ಹಿಂದಿನ ಗುಡ್ಡೆಯ ಕಡೆ ಕಣ್ಣಾಡಿಸಿದೆ. ಕೊಳಗ, ಚೊಂಬು, ಮುರಿದ ದೀಪದ ಕಂಬಗಳ ನಡುವೆ ಒಂದು ಬಾಗು ಕಂಡಿತು. ಅಷ್ಟೇ, ಒಂದು ಬಾಗು. ಪಾತ್ರೆಗಳನ್ನು ಸರಿಸಿ ಎಳೆದೆ. ಕರ್ಚೀಫಿನಿಂದ ಒರೆಸಿ ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ತುಕ್ಕು ಬಿಟ್ಟಿದ್ದ ಒಂದು ಪುಟ್ಟ ಜಾಗದಲ್ಲಿ ಗೆರೆಗಳು ನಡುಗಿದವು. ನೀರಿತ್ತು! ಹೇಳಬೇಕು, ಈ ಕ್ಷಣವೇ ಯಾರಿಗಾದರೂ ಹೇಳಬೇಕು. ಪಕ್ಕದಲ್ಲಿ ಪರಿಚಯವೇ ಇಲ್ಲದ ಹೆಂಗಸೊಬ್ಬರು ಹೊಸ ಕುಕ್ಕರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ರೀ, ಸ್ವಲ್ಪ ಇಲ್ಲಿ ಬನ್ನಿ," ಎಂದೆ. "ಇಲ್ಲಿಂದ ಅಲ್ಲ, ಈ ಕಡೆಯಿಂದ. ಹಾಂ, ಈಗ ನೋಡಿ."

ಆಕೆ ಕುಕ್ಕರನ್ನು ಕೆಳಗಿಟ್ಟು ಬಗ್ಗಿ ನೋಡಿದರು.